ಇಂಗ್ಲಿಷ್ ಕಲಿಸಿ ಗಂಟು ಕಟ್ಟಿದವರು

(ಕೂಟದ ವಸಂತ ಸಭೆಯಲ್ಲಿ ನೀಡಿದ ಅತಿಥಿ ಉಪನ್ಯಾಸದ ಲಿಖಿತ ರೂಪ)



ವೃತ್ತಿಯಿಂದ ನಾವು ವೈದ್ಯರು. ಇತಿಹಾಸವೆಂಬುದು ನಮಗೆ ಬಿಡುವಿನ ವೇಳೆಯ ಓದು ಮಾತ್ರ. ಆದ್ದರಿಂದ ಇಂದಿನ ಮಾತುಗಳನ್ನು ಪಂಡಿತರ ಪ್ರಬಂಧವೆಂದು ಭಾವಿಸದೆ, ಓದಿದ್ದನ್ನು ಬಂಧುಗಳೊಡನೆ ಹಂಚಿಕೊಳ್ಳುವ ಪ್ರಯತ್ನವೆಂದು ಸ್ವೀಕರಿಸಬೇಕಾಗಿ ವಿನಂತಿ.

ಈ ವಿಷಯವನ್ನು ಆರಿಸಿಕೊಳ್ಳಲು ಕಾರಣವಿದೆ. ಅಮೆರಿಕದಲ್ಲಿ ಹುಟ್ಟಿ ಬೆಳೆದ ನಮ್ಮ ಮಕ್ಕಳು ಕಾಲೇಜು ಮುಗಿಸುವ ಹೊತ್ತಿಗೆ ಹಲವರ ತಲೆಯ ಮೇಲೆ ವಿದ್ಯಾಭ್ಯಾಸದ ಸಾಲದ ಹೊರೆ ಇರುತ್ತದೆ. "ಒಂದೆರಡು ವರ್ಷ ಕೊರಿಯಕ್ಕೋ ಜಪಾನಿಗೋ ಹೋಗಿ ಇಂಗ್ಲಿಷ್ ಕಲಿಸುತ್ತೇನೆ, ಸಾಲ ತೀರಿಸುತ್ತೇನೆ" ಎಂದು ಅವರು ಹೇಳಿದಾಗ ಮನೆಗಳಲ್ಲಿ ಚರ್ಚೆ ಆರಂಭವಾಗುತ್ತದೆ. ತಾಯಿಗೆ ಊಟದ ಚಿಂತೆ, ತಂದೆಗೆ ಮುಂದಿನ ಓದಿನ ಚಿಂತೆ. ಎಲ್ಲಿ ಹೋದರೆ ನಾಲ್ಕು ಕಾಸು ಉಳಿದೀತು ಎಂಬ ಪ್ರಶ್ನೆ ಮಾತ್ರ ಎಲ್ಲರದೂ. ಇದು ನಿನ್ನೆ ಮೊನ್ನೆ ಹುಟ್ಟಿದ ಪ್ರಶ್ನೆಯಲ್ಲ. ನೂರ ಅರವತ್ತು ವರ್ಷಗಳಿಂದ ಇಂಗ್ಲಿಷ್ ಬಲ್ಲವರು ಅದನ್ನು ಮೂಟೆ ಕಟ್ಟಿಕೊಂಡು ಪರದೇಶಗಳಲ್ಲಿ ಮಾರಿದ್ದಾರೆ. ಕೆಲವರು ಗಂಟು ಕಟ್ಟಿದರು, ಕೆಲವರು ಬರಿಗೈಯಲ್ಲಿ ಮರಳಿದರು. ಯಾರು ಏಕೆ ಉಳಿಸಿದರು, ಯಾರು ಏಕೆ ಕಳೆದುಕೊಂಡರು ಎಂಬುದನ್ನು ನೋಡುವುದೇ ಈ ಉಪನ್ಯಾಸದ ಉದ್ದೇಶ.

ಸಯಾಮಿನ ಅರಮನೆಯ ಶಿಕ್ಷಕಿ

ಈ ಚರಿತ್ರೆಯಲ್ಲಿ ಜಗತ್ತಿಗೆಲ್ಲ ಗೊತ್ತಿರುವ ಹೆಸರು ಆನಾ ಲಿಯೊನೊವೆನ್ಸ್ ಅವರದು. ಸಯಾಮಿನ ದೊರೆ ಮಾಂಗ್‌ಕುಟನ ಅರಮನೆಯಲ್ಲಿ ರಾಜಕುಮಾರರಿಗೂ ರಾಣೀವಾಸದವರಿಗೂ ಇಂಗ್ಲಿಷ್ ಕಲಿಸಲು ಆಕೆ 1862ರಲ್ಲಿ ಬ್ಯಾಂಕಾಕಿಗೆ ಹೋದರು. ಆಕೆಯ ಕಥೆಯನ್ನು ಆಧರಿಸಿದ ನಾಟಕ, ಚಲನಚಿತ್ರಗಳನ್ನು ನಮ್ಮಲ್ಲಿ ಅನೇಕರು ನೋಡಿರಬಹುದು. ಆದರೆ ಆಕೆ ಏಕೆ ಅಲ್ಲಿಗೆ ಹೋದರು ಎಂಬುದನ್ನು ಆ ಚಿತ್ರಗಳು ಅಷ್ಟಾಗಿ ಹೇಳುವುದಿಲ್ಲ.

1859ರಲ್ಲಿ ಪಿನಾಂಗಿನಲ್ಲಿ ಪತಿ ತೀರಿಕೊಂಡ ಮೇಲೆ ಇಬ್ಬರು ಎಳೆಯ ಮಕ್ಕಳೊಡನೆ ಆಕೆ ನಿರಾಶ್ರಿತರಾದರು. ಸಿಂಗಪುರದಲ್ಲಿ ಅಧಿಕಾರಿಗಳ ಮಕ್ಕಳಿಗಾಗಿ ಸಣ್ಣ ಶಾಲೆಯೊಂದನ್ನು ನಡೆಸಿದರೂ ಅದರಿಂದ ಹೊಟ್ಟೆ ತುಂಬಲಿಲ್ಲ. ಆಗ ಸಿಂಗಪುರದಲ್ಲಿದ್ದ ಸಯಾಮಿನ ಪ್ರತಿನಿಧಿ, ವರ್ತಕ ತಾನ್ ಕಿಮ್ ಚಿಂಗ್ ಅವರ ಮೂಲಕ ಅರಮನೆಯ ಕರೆ ಬಂದಿತು. ಮಗಳನ್ನು ಇಂಗ್ಲೆಂಡಿನ ಶಾಲೆಗೆ ಕಳುಹಿಸಿ, ಮಗನನ್ನು ಜೊತೆಗೆ ಕರೆದುಕೊಂಡು ಆಕೆ ಹೊರಟರು. ಅಂದರೆ, ಒಂದು ಸಂಬಳದಲ್ಲಿ ಎರಡು ದೇಶಗಳ ಸಂಸಾರ ನಡೆಯಬೇಕಾಗಿತ್ತು. ವಾಗ್ದಾನ ಮಾಡಿದ್ದ ಪ್ರತ್ಯೇಕ ಮನೆಗಾಗಿ, ಅನಂತರ ಸಂಬಳದ ಏರಿಕೆಗಾಗಿ ದೊರೆಯೊಡನೆ ವಾದಿಸಬೇಕಾಯಿತೆಂದು 1870ರಲ್ಲಿ ಪ್ರಕಟವಾದ ತಮ್ಮ ಗ್ರಂಥದಲ್ಲಿ ಆಕೆಯೇ ಹೇಳಿಕೊಂಡಿದ್ದಾರೆ. ಕೆಲಸವಾದರೋ ಪಾಠಕ್ಕಷ್ಟೇ ನಿಲ್ಲಲಿಲ್ಲ. ಅರಸನ ಇಂಗ್ಲಿಷ್ ಪತ್ರವ್ಯವಹಾರವೂ ಆಕೆಯ ಪಾಲಿಗೆ ಬಂದಿತು. ಐದು ವರ್ಷಗಳ ತರುವಾಯ, 1867ರಲ್ಲಿ, ಆರೋಗ್ಯ ಕೆಟ್ಟು ಬ್ಯಾಂಕಾಕನ್ನು ಬಿಟ್ಟರು.

ಇನ್ನೊಂದು ಸಂಗತಿ ನಮಗೆ ಹೆಚ್ಚು ಹತ್ತಿರದ್ದು. ತಾವು ವೇಲ್ಸ್ ಪ್ರಾಂತದಲ್ಲಿ ಹುಟ್ಟಿದವರೆಂದು ಆಕೆ ಜೀವನಪರ್ಯಂತ ಹೇಳಿಕೊಂಡರು. ನಿಜದಲ್ಲಿ ಆಕೆ ಹುಟ್ಟಿದ್ದು 1831ರಲ್ಲಿ, ನಮ್ಮ ನೆರೆಯ ಮಹಾರಾಷ್ಟ್ರದ ಅಹಮದ್‌ನಗರದಲ್ಲಿ, ಒಬ್ಬ ಸಾಮಾನ್ಯ ಸಾರ್ಜೆಂಟನ ಮಗಳಾಗಿ. ಮದುವೆಯಾದದ್ದು ಪುಣೆಯಲ್ಲಿ. ಭಾರತದಲ್ಲಿ ಹುಟ್ಟಿದ ಬಡ ಸಿಪಾಯಿಯ ಮಗಳು ಎಂದು ತಿಳಿದರೆ ಇಂಗ್ಲಿಷ್ ಶಿಕ್ಷಕಿಯಾಗಿ ಆಕೆಯ ಬೆಲೆ ಕುಸಿಯುತ್ತಿತ್ತು. ಈ ಮಾತನ್ನು ಸ್ವಲ್ಪ ನೆನಪಿನಲ್ಲಿಡೋಣ.

ಮೇಜಿ ಯುಗದ ಜಪಾನ್

1868ರಲ್ಲಿ ಮೇಜಿ ಆಡಳಿತ ಆರಂಭವಾದ ಮೇಲೆ ಜಪಾನ್ ಸರ್ಕಾರವು ಪಾಶ್ಚಾತ್ಯ ವಿದ್ಯೆಗಳನ್ನು ಬಹು ಬೇಗನೆ ಕಲಿಯಲು ನಿರ್ಧರಿಸಿ, ವಿದೇಶೀಯರನ್ನು ದೊಡ್ಡ ಸಂಬಳಕ್ಕೆ ಕರೆಸಿಕೊಂಡಿತು. ಇಂಥವರನ್ನು ಅಲ್ಲಿ 'ಓಯಾತೋಯಿ' ಎಂದರೆ ಬಾಡಿಗೆಗೆ ಪಡೆದ ವಿದೇಶೀಯರು ಎಂದು ಕರೆಯುತ್ತಿದ್ದರು. ಒಸಾಕದ ಟಂಕಸಾಲೆಯ ಮುಖ್ಯಸ್ಥರಾಗಿ ಬಂದ ಥಾಮಸ್ ಕಿಂಡರ್ ಅವರ ತಿಂಗಳ ಸಂಬಳ 1,045 ಯೆನ್; ಸರ್ಕಾರದ ಅತ್ಯುನ್ನತ ಸಚಿವರಿಗೇ ಬರುತ್ತಿದ್ದುದು 800.

ಅಮೆರಿಕದಿಂದ ಹೋದ ವಿಲಿಯಂ ಎಲಿಯಟ್ ಗ್ರಿಫಿಸ್ ಎಂಬ ತರುಣರಿಗೆ 1871ರಲ್ಲಿ ಫುಕುಯಿ ಎಂಬ ಊರಿನಲ್ಲಿ ವರ್ಷಕ್ಕೆ 2,400 ಡಾಲರ್, ವಾಸಕ್ಕೆ ಮನೆ, ಸವಾರಿಗೆ ಕುದುರೆ ದೊರೆತವು. ಅವರು ಮುಖ್ಯವಾಗಿ ಕಲಿಸಿದ್ದು ವಿಜ್ಞಾನವನ್ನು. ಫಿಲಡೆಲ್ಫಿಯದಲ್ಲಿದ್ದ ತಾಯಿ ಮತ್ತು ಸೋದರಿಯರ ಭಾರ ಅವರ ಮೇಲಿತ್ತು. ಅದೇ ವರ್ಷ ಸಂಸ್ಥಾನಗಳೆಲ್ಲ ರದ್ದಾಗಿ, ಕರೆಸಿಕೊಂಡ ದೊರೆಯೇ ಅಧಿಕಾರ ಕಳೆದುಕೊಂಡಾಗ ಅವರು ಟೋಕಿಯೋ ಸೇರಿದರು. ಸೋದರಿ ಮಾರ್ಗರೆಟ್ ಕೂಡ 1872ರಲ್ಲಿ ಬಂದು ಅಲ್ಲಿನ ಬಾಲಕಿಯರ ಶಾಲೆಯಲ್ಲಿ ಶಿಕ್ಷಕಿಯಾದರು. ಎರಡು ಸಂಬಳ, ಒಂದು ಮನೆ: ಉಳಿತಾಯದ ಈ ಸೂತ್ರ ನಮ್ಮ ವಲಸೆ ಕುಟುಂಬಗಳಿಗೆ ಹೊಸದಲ್ಲ.

ಇಂಗ್ಲಿಷ್ ಶಿಕ್ಷಕರ ಪೈಕಿ ಪ್ರಖ್ಯಾತರೆಂದರೆ ಲಫ್ಕಾಡಿಯೊ ಹರ್ನ್. ಪತ್ರಿಕೆಗೆ ಬರೆಯಲೆಂದು 1890ರಲ್ಲಿ ಜಪಾನಿಗೆ ಬಂದ ಅವರು ಆ ಒಪ್ಪಂದವನ್ನು ಮುರಿದುಕೊಂಡು, ಮಾತ್ಸುಯೆ ಎಂಬ ಪುಟ್ಟ ಊರಿನಲ್ಲಿ ತಿಂಗಳಿಗೆ 100 ಯೆನ್ನಿಗೆ ಶಿಕ್ಷಕರಾದರು. ಊರು ಅಗ್ಗ, ಜನ ಒಳ್ಳೆಯವರು. ಆದರೆ ಚಳಿಗಾಲ ಅವರ ದೇಹಕ್ಕೆ ಒಗ್ಗಲಿಲ್ಲ. ಮರುವರ್ಷವೇ ಕುಮಾಮೊತೊ ಎಂಬ ಪಟ್ಟಣಕ್ಕೆ 200 ಯೆನ್ನಿಗೆ ಹೋದರು. ಸಂಬಳ ಎರಡರಷ್ಟಾಯಿತು, ಅಷ್ಟರಲ್ಲಿ ಸಂಸಾರವೂ ಬೆಳೆದಿತ್ತು. ಸ್ಥಿತಿ ಇಳಿದಿದ್ದ ಸಮುರಾಯ್ ಮನೆತನದ ಕೊಯಿಜುಮಿ ಸೆತ್ಸು ಅವರನ್ನು ಕೈಹಿಡಿದ ಹರ್ನರು, ಆಕೆಯ ಬಂಧುಬಳಗವನ್ನೆಲ್ಲ ಸಾಕುವ ಹೊಣೆಯನ್ನೂ ಹೊತ್ತರು. ಮನೆಯ ಅಳಿಯನೊಬ್ಬ ದುಡಿಯುತ್ತಾನೆಂದರೆ ಊಟದ ಎಲೆಗಳು ಎಷ್ಟು ಹೆಚ್ಚುತ್ತವೆ ಎಂಬುದನ್ನು ನಮಗೆ ಯಾರೂ ವಿವರಿಸಬೇಕಾಗಿಲ್ಲ.

1894ರಲ್ಲಿ ಅವರು ಕೋಬೆಯ ಪತ್ರಿಕೆಯೊಂದಕ್ಕೆ ಸೇರಿದರು. ಬಾಲ್ಯದ ಅಪಘಾತದಲ್ಲಿ ಒಂದು ಕಣ್ಣನ್ನು ಆಗಲೇ ಕಳೆದುಕೊಂಡಿದ್ದವರಿಗೆ ಉಳಿದ ಕಣ್ಣಿಗೂ ಉರಿಯೂತ ಬಂದು ಕೆಲಸ ಬಿಡಬೇಕಾಯಿತು. ಕೂಡಿಟ್ಟ ಹಣ ಎಷ್ಟು ದಿನ ಬಂದೀತೆಂಬುದನ್ನು ನಿರ್ಧರಿಸುವುದು ಸಂಬಳವಲ್ಲ, ಶರೀರ ಎಂಬುದು ವೈದ್ಯರಾದ ನಾವು ದಿನವೂ ಕಾಣುವ ಸತ್ಯ. 1896ರಲ್ಲಿ ಟೋಕಿಯೋ ವಿಶ್ವವಿದ್ಯಾಲಯದಲ್ಲಿ 400 ಯೆನ್ನಿನ ಹುದ್ದೆ ದೊರೆತ ಮೇಲೆ ಸ್ಥಿತಿ ಸುಧಾರಿಸಿತು. ಅದೇ ವರ್ಷ ಹೆಂಡತಿ ಮಕ್ಕಳ ಆಸ್ತಿಹಕ್ಕಿನ ರಕ್ಷಣೆಗಾಗಿ ಜಪಾನಿನ ಪ್ರಜೆಯಾಗಿ ಕೊಯಿಜುಮಿ ಯಾಕುಮೊ ಎಂಬ ಹೆಸರನ್ನು ತಳೆದರು. 1903ರಲ್ಲಿ ಆ ಹುದ್ದೆ ಹೋಯಿತು. 1904ರಲ್ಲಿ, 54ನೆಯ ವಯಸ್ಸಿನಲ್ಲಿ, ಹೃದಯ ಬೇನೆಯಿಂದ ಅವರು ನಿಧನರಾದರು.

ಹರ್ನರ ತರುವಾಯ ಅಲ್ಲಿ ಇಂಗ್ಲಿಷ್ ಸಾಹಿತ್ಯವನ್ನು ಬೋಧಿಸಿದವರಲ್ಲಿ ಒಬ್ಬರು ಮುಂದೆ ಮಹಾ ಕಾದಂಬರಿಕಾರರೆನಿಸಿದ ನಾತ್ಸುಮೆ ಸೋಸೆಕಿ. 1895ರಲ್ಲಿ ಮಾತ್ಸುಯಾಮದ ಶಾಲೆಯಲ್ಲಿ ವಿದೇಶೀ ಶಿಕ್ಷಕರೊಬ್ಬರ ಜಾಗಕ್ಕೆ ಬಂದುದರಿಂದ ಅವರಿಗೆ 80 ಯೆನ್ ಸಂಬಳವಿತ್ತು. ಶಾಲೆಯ ಮುಖ್ಯೋಪಾಧ್ಯಾಯರಿಗೆ 60. ಲಂಡನ್ನಿನಲ್ಲಿ ಎರಡು ವರ್ಷ ಓದಿ ಮರಳಿದ ಅವರಿಗೆ ಟೋಕಿಯೋ ವಿಶ್ವವಿದ್ಯಾಲಯ ಕೊಟ್ಟದ್ದು ವರ್ಷಕ್ಕೆ 800 ಯೆನ್. ಪಾಠದ ಹೊರೆ ಹರ್ನರಷ್ಟು ಇರಲಿಲ್ಲವೆಂಬುದು ನಿಜ. ಆದರೂ ಹರ್ನರ ಎರಡು ತಿಂಗಳ ಸಂಬಳ ಸೋಸೆಕಿಯವರ ಒಂದು ವರ್ಷದ ಸಂಬಳವಾಗಿತ್ತು. ಇಂಗ್ಲಿಷ್ ಬಲ್ಲ ಸ್ವದೇಶೀಯರು ತಯಾರಾದೊಡನೆ ವಿದೇಶೀಯರ ಬೇಡಿಕೆ ಕುಗ್ಗುತ್ತದೆ ಎಂಬ ಪಾಠವೂ ಇದರಲ್ಲಿದೆ.

ಇನ್ನೊಂದು ಲೆಕ್ಕವನ್ನು ಗಮನಿಸೋಣ. 1871ರಲ್ಲಿ ಯೆನ್ ನಾಣ್ಯ ಜಾರಿಗೆ ಬಂದಾಗ ಒಂದು ಯೆನ್ ಸರಿಸುಮಾರು ಒಂದು ಡಾಲರಿಗೆ ಸಮ. ಮುಂದೆ ಲೋಕದಲ್ಲೆಲ್ಲ ಬೆಳ್ಳಿಯ ಬೆಲೆ ಇಳಿಯುತ್ತಾ ಹೋಗಿ, 1897ರಲ್ಲಿ ಜಪಾನ್ ಚಿನ್ನದ ಮಾನಕ್ಕೆ ಬದಲಾದಾಗ ಒಂದು ಯೆನ್ನಿಗೆ ಅರ್ಧ ಡಾಲರ್ ಮಾತ್ರ. ಊರಿಗೆ ಹಣ ಕಳುಹಿಸಬೇಕಾದ ಶಿಕ್ಷಕರಿಗೆ, ಸಂಬಳ ಕಡಿತವಾಗದೆಯೇ ಸಂಬಳ ಅರ್ಧವಾಯಿತು.

ಥಾಮಸ್ ಹಡಗಿನ ಮೇಷ್ಟರುಗಳು

ಅಮೆರಿಕ ಫಿಲಿಪ್ಪೀನ್ಸ್ ದ್ವೀಪಗಳನ್ನು ವಶಪಡಿಸಿಕೊಂಡ ಮೇಲೆ 1901ರ ಜನವರಿಯಲ್ಲಿ ಅಲ್ಲಿ ಇಂಗ್ಲಿಷ್ ಮಾಧ್ಯಮದ ಸಾರ್ವಜನಿಕ ಶಿಕ್ಷಣಕ್ಕೆ ಕಾಯಿದೆಯಾಯಿತು. ತಿಂಗಳಿಗೆ 75ರಿಂದ 125 ಡಾಲರ್ ಸಂಬಳಕ್ಕೆ ಸಾವಿರ ಶಿಕ್ಷಕರನ್ನು ಕರೆಸಲು ಅನುಮತಿ ದೊರೆಯಿತು. ಅದೇ ಜುಲೈನಲ್ಲಿ ಸ್ಯಾನ್ ಫ್ರಾನ್ಸಿಸ್ಕೊದಿಂದ ಸುಮಾರು ಐನೂರು ಶಿಕ್ಷಕ ಶಿಕ್ಷಕಿಯರು 'ಥಾಮಸ್' ಎಂಬ ಸೈನ್ಯದ ಹಡಗನ್ನೇರಿ ಆಗಸ್ಟಿನಲ್ಲಿ ಮನಿಲಾ ಸೇರಿದರು. ಆ ಹಡಗಿನಿಂದಾಗಿ ಅವರಿಗೆ 'ಥಾಮಸೈಟರು' ಎಂಬ ಹೆಸರೇ ನಿಂತಿತು.

ಕಾಗದದ ಮೇಲೆ ಇದು ಉತ್ತಮ ಸಂಬಳ. ಆದರೆ ಕೈಗೆ ಬರುವಾಗ ತಡವಾಗುತ್ತಿತ್ತು. ಬಂದದ್ದೂ ಅನೇಕ ವೇಳೆ ಮೆಕ್ಸಿಕೊದ ಬೆಳ್ಳಿ ಪೆಸೊಗಳಲ್ಲಿ. ಬೆಳ್ಳಿ ಇಳಿದಂತೆಲ್ಲ ಸಂಬಳವೂ ಇಳಿಯಿತು. 1903ರಲ್ಲಿ ಎರಡು ಪೆಸೊಗಳಿಗೆ ಒಂದು ಡಾಲರ್ ಎಂದು ಹೊಸ ನಾಣ್ಯವನ್ನು ಸ್ಥಿರಪಡಿಸಿದ ಮೇಲಷ್ಟೇ ಈ ಗೊಂದಲ ತೀರಿತು. ಅಷ್ಟರಲ್ಲಿ 1902ರಲ್ಲಿ ಕಾಲರಾ ಮಹಾಮಾರಿ ಹಬ್ಬಿತು. ಉಷ್ಣವಲಯದ ರೋಗಗಳಿಗೆ ಕೆಲವು ಶಿಕ್ಷಕರು ಬಲಿಯಾದರು. ಉಳಿಸಲು ಹೋದವರು ಪ್ರಾಣವನ್ನೇ ತೆತ್ತದ್ದೂ ಈ ಚರಿತ್ರೆಯ ಭಾಗವೇ. ಇಂದು ಲಸಿಕೆ, ಔಷಧಗಳಿಂದಾಗಿ ಆ ಭಯ ಬಹಳ ಮಟ್ಟಿಗೆ ದೂರವಾಗಿದೆ. ಆದರೆ ಆರೋಗ್ಯ ವಿಮೆಯಿಲ್ಲದೆ ಪರದೇಶಕ್ಕೆ ಹೊರಡುವ ತರುಣರನ್ನು ಕಂಡಾಗ ನಮಗೆ ಥಾಮಸ್ ಹಡಗು ನೆನಪಾಗುತ್ತದೆ.

ನಮ್ಮವರು ಹೋದ ಆಫ್ರಿಕ

ಇಪ್ಪತ್ತನೆಯ ಶತಮಾನದ ನಡುಭಾಗದಲ್ಲಿ ಈ ಚರಿತ್ರೆಗೆ ಭಾರತೀಯರ ಪ್ರವೇಶವಾಗುತ್ತದೆ. 1936ರಿಂದ 1941ರವರೆಗೆ ಇಟಲಿಯ ಆಕ್ರಮಣಕ್ಕೆ ಸಿಕ್ಕಿದ್ದ ಇಥಿಯೋಪಿಯ ತನ್ನ ವಿದ್ಯಾವಂತ ಪೀಳಿಗೆಯೊಂದನ್ನೇ ಕಳೆದುಕೊಂಡಿತ್ತು. ಚಕ್ರವರ್ತಿ ಹೈಲೆ ಸೆಲಾಸಿ ಮರಳಿ ಸಿಂಹಾಸನವೇರಿದ ಮೇಲೆ ಪ್ರೌಢಶಾಲೆಗಳಲ್ಲಿ ಇಂಗ್ಲಿಷ್ ಬೋಧನಾ ಮಾಧ್ಯಮವಾಯಿತು. ಶಿಕ್ಷಕರು ಎಲ್ಲಿಂದ ಬರಬೇಕು? ಭಾರತದಿಂದ ಬಂದರು. ಕೇರಳದವರು ಬಹುಸಂಖ್ಯಾತರು, ದೇಶದ ಇತರ ಭಾಗಗಳವರೂ ಇದ್ದರು. ಇಂಗ್ಲಿಷಿನ ಜೊತೆಗೆ ಗಣಿತ, ವಿಜ್ಞಾನಗಳನ್ನೂ ಇಂಗ್ಲಿಷಿನಲ್ಲೇ ಕಲಿಸಿದರು. 1962ರಲ್ಲಿ ಅಮೆರಿಕದ ಪೀಸ್ ಕೋರ್ ಸಂಸ್ಥೆ ಸುಮಾರು ಮುನ್ನೂರು ಸ್ವಯಂಸೇವಕರನ್ನು ಅಲ್ಲಿಗೆ ಕಳುಹಿಸಿದಾಗ ಎರಡು ಬಗೆಯ ಶಿಕ್ಷಕರು ಒಂದೇ ಶಾಲೆಗಳಲ್ಲಿ ಸೇರಿದರು. ಒಬ್ಬರು ಜೀವನೋಪಾಯದ ಭತ್ಯೆಯ ಮೇಲೆ ಎರಡು ವರ್ಷ ಲೋಕ ನೋಡಲು ಬಂದವರು. ಇನ್ನೊಬ್ಬರು ತಂಗಿಯ ಮದುವೆ, ತಮ್ಮನ ಓದು, ಊರಿನಲ್ಲೊಂದು ಮನೆ ಎಂಬ ಲೆಕ್ಕವನ್ನು ಹೊತ್ತು ಬಂದವರು. ಪಾಠ ಒಂದೇ, ಉಳಿತಾಯದ ಅರ್ಥ ಬೇರೆ.

1973ರಿಂದ 1992ರವರೆಗೆ ಇಥಿಯೋಪಿಯದ ನಾಣ್ಯ ಒಂದು ಡಾಲರಿಗೆ 2.07 ಎಂಬ ದರದಲ್ಲಿ ನಿಂತಿತ್ತು. 1974ರಲ್ಲಿ ಚಕ್ರವರ್ತಿಯ ಪದಚ್ಯುತಿ, ಸೈನಿಕ ಆಡಳಿತ, ರಕ್ತಪಾತ ಎಲ್ಲ ನಡೆದವು. ನಾಣ್ಯದ ದರ ಮಾತ್ರ ಅಲುಗಲಿಲ್ಲ. ಅಲ್ಲಿ ಕಷ್ಟವಿದ್ದುದು ಬೇರೆ ಕಡೆ: ದೇಶದ ಭದ್ರತೆಯಲ್ಲಿ, ಹಣವನ್ನು ಹೊರಗೆ ಒಯ್ಯುವ ಅನುಮತಿಯಲ್ಲಿ.

ನೈಜೀರಿಯದ ಕಥೆ ಇದಕ್ಕೆ ತದ್ವಿರುದ್ಧ. 1973ರ ನಂತರ ತೈಲದ ಬೆಲೆ ಏರಿ ಆ ದೇಶಕ್ಕೆ ಹಣದ ಹೊಳೆಯೇ ಹರಿಯಿತು. 1976ರಲ್ಲಿ ಸಾರ್ವತ್ರಿಕ ಪ್ರಾಥಮಿಕ ಶಿಕ್ಷಣ ಆರಂಭವಾಯಿತು, ಊರೂರಿಗೆ ಶಾಲೆಗಳೆದ್ದವು. ಭಾರತದ ಶಿಕ್ಷಕರಿಗೆ ಒಳ್ಳೆಯ ಸಂಬಳ, ವಸತಿ ದೊರೆತವು. 1980ರಲ್ಲಿ ಅಲ್ಲಿನ ಒಂದು ನೈರಾ ಸುಮಾರು 1.80 ಡಾಲರಿಗೆ ಸಮನಾಗಿತ್ತು. ಆಗ ಸಾವಿರ ನೈರಾ ಉಳಿಸಿ ಕೂಡಲೇ ಊರಿಗೆ ಕಳುಹಿಸಿದವರು 1,800 ಡಾಲರ್ ಕಳುಹಿಸಿದಂತಾಯಿತು. ತೈಲದ ಬೆಲೆ ಕುಸಿದು 1982ರಲ್ಲಿ ಸರ್ಕಾರ ಮಿತವ್ಯಯದ ಕಾನೂನನ್ನು ತಂದ ಮೇಲೆ ಹೊರದೇಶಕ್ಕೆ ಹಣ ಕಳುಹಿಸುವುದು ದಿನದಿನಕ್ಕೆ ಕಠಿಣವಾಯಿತು. 1986ರಲ್ಲಿ ನೈರಾದ ದರವನ್ನು ಮಾರುಕಟ್ಟೆಗೆ ಬಿಟ್ಟರು. 1987ರ ಹೊತ್ತಿಗೆ ಒಂದು ಡಾಲರಿಗೆ ಸುಮಾರು ನಾಲ್ಕು ನೈರಾ. 1993ರ ಹೊತ್ತಿಗೆ ಸುಮಾರು 22. ಅದೇ ಸಾವಿರ ನೈರಾ ಬ್ಯಾಂಕಿನಲ್ಲಿಯೇ ಉಳಿದಿದ್ದರೆ 1987ರಲ್ಲಿ ಅದರ ಬೆಲೆ 250 ಡಾಲರ್, 1993ರಲ್ಲಿ 45 ಡಾಲರ್. ಒಂದೇ ಶಾಲೆಯಲ್ಲಿ ಒಂದೇ ಸಂಬಳಕ್ಕೆ ದುಡಿದ ಇಬ್ಬರಲ್ಲಿ ಒಬ್ಬರು ಮನೆ ಕಟ್ಟಿಸಿದರು, ಇನ್ನೊಬ್ಬರು ಬಸ್ಸಿನ ಖರ್ಚಿಗೆ ಪರದಾಡಿದರು. ವ್ಯತ್ಯಾಸ ಬುದ್ಧಿಯದಲ್ಲ, ಜಿಪುಣತನದ್ದೂ ಅಲ್ಲ; ಹಣ ಯಾವಾಗ ಗಡಿ ದಾಟಿತು ಎಂಬುದರದು.

ನಮ್ಮ ಕಾಲದ ಮಾರುಕಟ್ಟೆ

ಈಗ ನಮ್ಮ ಮಕ್ಕಳು ನೋಡುತ್ತಿರುವ ದೇಶಗಳತ್ತ ಬರೋಣ. ಜಪಾನ್ ಸರ್ಕಾರದ 'ಜೆಟ್' ಯೋಜನೆ 1987ರಲ್ಲಿ ನಾಲ್ಕು ದೇಶಗಳ 848 ತರುಣರೊಂದಿಗೆ ಆರಂಭವಾಯಿತು. 2012ರಿಂದ ಹಲವು ವರ್ಷಗಳ ಕಾಲ ಮೊದಲ ವರ್ಷದ ಸಂಬಳ 33,60,000 ಯೆನ್ ಇತ್ತು. 2012ರಲ್ಲಿ ಡಾಲರಿಗೆ 80 ಯೆನ್ ಇದ್ದಾಗ ಅದು 42,000 ಡಾಲರ್; 2024ರಲ್ಲಿ 150ರ ಆಸುಪಾಸಿಗೆ ಬಂದಾಗ ಅದೇ ಸಂಬಳ 22,400 ಡಾಲರ್. ಟೋಕಿಯೋದಲ್ಲಿ ನೂಡಲ್ಸ್ ತಿನ್ನುವವರಿಗೆ ಇದರಿಂದ ಅಷ್ಟೇನೂ ವ್ಯತ್ಯಾಸವಿಲ್ಲ. ಅಮೆರಿಕದ ಸಾಲ ತೀರಿಸಬೇಕಾದವರಿಗೆ ಇದು ಜೀವನ್ಮರಣದ ವ್ಯತ್ಯಾಸ. ಹರ್ನರ ಕಾಲದ ಬೆಳ್ಳಿಯ ಕಥೆಯೇ ಹೊಸ ವೇಷದಲ್ಲಿ ಬಂದಿದೆ.

ದಕ್ಷಿಣ ಕೊರಿಯದಲ್ಲಿ ಸರ್ಕಾರಿ ಶಾಲೆಗಳಿಗಾಗಿ 'ಎಪಿಕ್' ಯೋಜನೆ 1995ರಲ್ಲಿ ಆರಂಭವಾಯಿತು. ಸಂಬಳ ಮಧ್ಯಮವಾದರೂ ಅಲ್ಲಿನ ವ್ಯವಸ್ಥೆ ಉಳಿತಾಯಕ್ಕೆ ಅನುಕೂಲ: ಬಾಡಿಗೆಯಿಲ್ಲದ ಮನೆ ಅಥವಾ ಮನೆ ಬಾಡಿಗೆಯ ಭತ್ಯೆ, ಹೋಗಿಬರುವ ಖರ್ಚಿಗೆ ಸಹಾಯ, ಆರೋಗ್ಯ ವಿಮೆಯಲ್ಲಿ ಅರ್ಧ ಪಾಲು, ವರ್ಷ ತುಂಬಿದರೆ ಒಂದು ತಿಂಗಳ ಸಂಬಳದಷ್ಟು ಇಡಿಗಂಟು. ಅಮೆರಿಕದ ಪ್ರಜೆಗಳಿಗೆ ಪಿಂಚಣಿಗೆ ಕಟ್ಟಿದ ಹಣವೂ ದೇಶ ಬಿಡುವಾಗ ಮರಳಿ ದೊರೆಯುತ್ತದೆ. ಆದರೆ 1997ರ ಆರ್ಥಿಕ ಬಿಕ್ಕಟ್ಟಿನಲ್ಲಿ, ಡಾಲರಿಗೆ 900ರ ಸುಮಾರಿಗಿದ್ದ ವೊನ್ ಡಿಸೆಂಬರಿನ ಹೊತ್ತಿಗೆ 1,900ನ್ನೂ ದಾಟಿತು. ಸುಲಭವಾಗಿ ಸಿಗುವ ಸಂಬಳ ಸುಲಭವಾಗಿ ಕರಗಿತು.

ಚೀನಾದಲ್ಲಿ ಖಾಸಗಿ ಪಾಠಶಾಲೆಗಳು ಬೆಳೆದ ವೇಗ ದೊಡ್ಡದು; 2021ರ ಜುಲೈಯಲ್ಲಿ ಸರ್ಕಾರ ಹೊರಡಿಸಿದ ಒಂದು ಆಜ್ಞೆಯಿಂದ ಶಾಲಾ ವಿಷಯಗಳ ಲಾಭದ ಟ್ಯೂಷನ್ನಿಗೆ ಕಡಿವಾಣ ಬಿದ್ದು ಅಸಂಖ್ಯ ಕೆಲಸಗಳು ಮಾಯವಾದವು. ಸ್ಪೇನ್ ದೇಶದ ಸಹಾಯಕ ಶಿಕ್ಷಕರ ಯೋಜನೆ ಕೊಡುವುದು ತಿಂಗಳಿಗೆ 800ರಿಂದ 1,000 ಯೂರೋ. ಅಲ್ಲಿ ಭಾಷೆ ಕಲಿಯಬಹುದು, ಊರು ನೋಡಬಹುದು, ಗಂಟು ಕಟ್ಟಲಾಗದು.

ಕೊಲ್ಲಿ ರಾಷ್ಟ್ರಗಳ ಲೆಕ್ಕ ಬೇರೆ. ಸಂಬಳದ ಮೇಲೆ ಆದಾಯ ತೆರಿಗೆಯಿಲ್ಲ. ಒಳ್ಳೆಯ ಶಾಲೆಗಳಲ್ಲಿ ವಸತಿ ಮತ್ತು ವಿಮಾನದ ಟಿಕೇಟು ಸೇರಿರುತ್ತವೆ. ಸೌದಿ ರಿಯಾಲ್ 1986ರಿಂದ ಡಾಲರಿಗೆ 3.75, ಎಮಿರೇಟ್ಸಿನ ದಿರಾಮ್ 1997ರಿಂದ 3.6725 ಎಂದು ಸ್ಥಿರವಾಗಿ ನಿಂತಿವೆ. ಆದ್ದರಿಂದ ಇಂದು ಉಳಿಸಿದ್ದು ನಾಳೆಯೂ ಅಷ್ಟೇ ಇರುತ್ತದೆ. ಆದರೆ ಅಲ್ಲಿನ ಒಳ್ಳೆಯ ಶಾಲೆಗಳು ಕೇಳುವುದು ಶಿಕ್ಷಣದ ಪದವಿ ಮತ್ತು ಅನುಭವವನ್ನು; ಕಾಲೇಜಿನಿಂದ ನೇರವಾಗಿ ಹೊರಟವರಿಗೆ ಆ ಬಾಗಿಲು ಅಷ್ಟು ಬೇಗ ತೆರೆಯದು. ಅಮೆರಿಕದ ಪ್ರಜೆಗಳಾದವರು ಎಲ್ಲಿ ದುಡಿದರೂ ಇಲ್ಲಿನ ತೆರಿಗೆಯ ಲೆಕ್ಕವನ್ನು ಒಪ್ಪಿಸಲೇಬೇಕೆಂಬುದನ್ನೂ ಮರೆಯಬಾರದು.

ಇಂಗ್ಲಿಷ್ ಯಾರದು?

ಈಗ ಆನಾ ಲಿಯೊನೊವೆನ್ಸ್ ಅವರ ಗುಟ್ಟಿಗೆ ಮರಳೋಣ. ಕೊರಿಯ ಬಹುಕಾಲದಿಂದ ಇಂಗ್ಲಿಷ್ ಶಿಕ್ಷಕರ ವೀಸಾವನ್ನು ಏಳು ದೇಶಗಳ ಪ್ರಜೆಗಳಿಗೆ ಮೀಸಲಾಗಿಟ್ಟಿತು: ಅಮೆರಿಕ, ಬ್ರಿಟನ್, ಕೆನಡಾ, ಐರ್ಲೆಂಡ್, ಆಸ್ಟ್ರೇಲಿಯ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕ. ಭಾರತದೊಡನೆ 2009ರಲ್ಲಿ ಆದ, 2010ರ ಜನವರಿಯಿಂದ ಜಾರಿಗೆ ಬಂದ ಆರ್ಥಿಕ ಒಪ್ಪಂದದಲ್ಲಿ ಅರ್ಹ ಭಾರತೀಯ ಶಿಕ್ಷಕರಿಗೂ ಒಂದು ಕಿಂಡಿಯನ್ನು ತೆರೆಯಲಾಯಿತು. ಬಾಗಿಲಲ್ಲ, ಕಿಂಡಿ.

ಇದರ ಪರಿಣಾಮ ನಮ್ಮ ಮನೆಗಳಲ್ಲೇ ಕಾಣುತ್ತದೆ. ಇಲ್ಲಿ ಹುಟ್ಟಿದ ಮಗಳು ಯಾವ ವಿಷಯದಲ್ಲಿ ಪದವಿ ಪಡೆದರೂ, ವ್ಯಾಕರಣದ ಒಂದು ಸೂತ್ರವೂ ಗೊತ್ತಿಲ್ಲದಿದ್ದರೂ, ಆಕೆಯ ಪಾಸ್‌ಪೋರ್ಟಿನ ಬಣ್ಣಕ್ಕೆ ಕೆಲಸ ಸಿಗುತ್ತದೆ. ಮೈಸೂರಿನಲ್ಲಿ ಇಂಗ್ಲಿಷ್ ಎಂ.ಎ. ಮಾಡಿ, ಬಿ.ಎಡ್. ಮುಗಿಸಿ, ಹತ್ತು ವರ್ಷ ಪಾಠ ಹೇಳಿದ ಆಕೆಯ ಚಿಕ್ಕಮ್ಮನಿಗೆ ಅದೇ ಕೆಲಸ ಸಿಗುವುದು ದುರ್ಲಭ. 1963ರಲ್ಲಿಯೇ ಬೆಂಗಳೂರಿನಲ್ಲಿ ದಕ್ಷಿಣ ಭಾರತದ ರಾಜ್ಯಗಳಿಗಾಗಿ ಇಂಗ್ಲಿಷ್ ಶಿಕ್ಷಕರ ತರಬೇತಿ ಸಂಸ್ಥೆಯೊಂದು ಸ್ಥಾಪಿತವಾಯಿತು; ನಮ್ಮ ನಾಡಿನ ಮೇಷ್ಟರುಗಳು ಈ ವಿದ್ಯೆಯನ್ನು ಕ್ರಮವಾಗಿ ಕಲಿತವರು. ಆದರೂ ಮಾರುಕಟ್ಟೆ ಕೇಳುವುದು ವಿದ್ಯೆಯನ್ನಲ್ಲ, ಹುಟ್ಟನ್ನು. ಒಮ್ಮೊಮ್ಮೆ ಹುಟ್ಟೂ ಸಾಲದು: ಕಂದು ಮೈಬಣ್ಣದ ನಮ್ಮ ಮಕ್ಕಳ ಭಾವಚಿತ್ರವನ್ನು ನೋಡಿ ಖಾಸಗಿ ಶಾಲೆಗಳು ಹಿಂಜರಿದ ಪ್ರಸಂಗಗಳನ್ನು ಈ ಸಭೆಯಲ್ಲಿರುವ ತಂದೆತಾಯಿಗಳೇ ನಮಗೆ ಹೇಳಿದ್ದಾರೆ.

ಈ ಅನ್ಯಾಯವನ್ನು ಅರಿತು ಹೋಗುವುದು ಒಂದು, ಅರಿಯದೆ ಹೋಗುವುದು ಇನ್ನೊಂದು. ನಮ್ಮ ಮಕ್ಕಳು ತಮಗೆ ಸಿಕ್ಕ ಸವಲತ್ತನ್ನು ತಮ್ಮ ಯೋಗ್ಯತೆಯೆಂದು ಭ್ರಮಿಸದೆ, ಹೊರಡುವ ಮುನ್ನ ಪಾಠ ಹೇಳುವುದನ್ನು ಕ್ರಮವಾಗಿ ಕಲಿತುಕೊಂಡು ಹೋಗಬೇಕು. ಅದು ಆ ದೇಶದ ಮಕ್ಕಳಿಗೆ ತೋರುವ ಮರ್ಯಾದೆಯೂ ಹೌದು, ಊರಿನಲ್ಲಿರುವ ಚಿಕ್ಕಮ್ಮನಿಗೆ ತೋರುವ ಗೌರವವೂ ಹೌದು.

ಇತಿಹಾಸ ಹೇಳುವ ಲೆಕ್ಕ

ಇಷ್ಟು ಉದಾಹರಣೆಗಳಿಂದ ಏನು ತಿಳಿಯುತ್ತದೆ? ದೂರದ ಬೆಟ್ಟ ನುಣ್ಣಗೆ ಎಂಬಂತೆ ದೂರದ ಸಂಬಳವೂ ನುಣ್ಣಗೆ. ಹತ್ತಿರ ಹೋಗಿ ಐದು ಪ್ರಶ್ನೆಗಳನ್ನು ಕೇಳಬೇಕು.

ಮೊದಲನೆಯದು, ಮನೆ ಯಾರದು? ಗ್ರಿಫಿಸರಿಗೆ ಮನೆ ಸಿಕ್ಕಿತು. ಆನಾ ಅದಕ್ಕಾಗಿ ಜಗಳವಾಡಬೇಕಾಯಿತು. ಇಂದಿಗೂ ಉಳಿತಾಯದ ಬಹುಪಾಲು ನಿರ್ಧಾರವಾಗುವುದು ಬಾಡಿಗೆಯಲ್ಲಿ. ಎರಡನೆಯದು, ಸಂಬಳ ಯಾವ ನಾಣ್ಯದಲ್ಲಿ, ಸಾಲ ಯಾವ ನಾಣ್ಯದಲ್ಲಿ? ಎರಡೂ ಬೇರೆಯಾದರೆ ತಿಂಗಳು ತಿಂಗಳು ಹಣವನ್ನು ಸಾಗಿಸಬೇಕು. ನೈಜೀರಿಯದ ಪಾಠ ಇದೇ. ಮೂರನೆಯದು, ಹಣವನ್ನು ಹೊರಗೆ ಕಳುಹಿಸಲು ಕಾನೂನಿನ ಅಡ್ಡಿಯಿದೆಯೆ? ನಾಲ್ಕನೆಯದು, ಕಾಯಿಲೆ ಬಿದ್ದರೆ ಖರ್ಚು ಯಾರದು, ಸಂಬಳ ನಿಲ್ಲುವುದೆ? ಹರ್ನರ ಕಣ್ಣು ಕೇಳಿದ ಪ್ರಶ್ನೆಯಿದು. ಐದನೆಯದು, ಕರೆದವರೇ ಬಿದ್ದರೆ ಗತಿಯೇನು? ದೊರೆ ಅಧಿಕಾರ ಕಳೆದುಕೊಳ್ಳಬಹುದು, ತೈಲ ಇಳಿಯಬಹುದು, ಒಂದು ಆಜ್ಞೆಗೆ ಶಾಲೆ ಮುಚ್ಚಬಹುದು. ಮರಳಿ ಬರುವ ಟಿಕೇಟಿನ ಹಣವನ್ನು ಯಾವಾಗಲೂ ಪ್ರತ್ಯೇಕವಾಗಿಡಬೇಕು.

ಲೆಕ್ಕದ ಆಚೆಗಿನ ಮಾತೊಂದಿದೆ. ವೈದ್ಯರಾದ ನಮ್ಮಲ್ಲಿ ಹಲವರು ಜೆ-1 ವೀಸಾದ ಮೇಲೆ ತರಬೇತಿಗೆ ಬಂದು, ತಾಯ್ನಾಡಿಗೆ ಮರಳಬೇಕೆಂಬ ನಿಯಮದಿಂದ ವಿನಾಯಿತಿ ಪಡೆಯಲು ವೈದ್ಯರ ಕೊರತೆಯಿದ್ದ ಸಣ್ಣ ಊರುಗಳಲ್ಲಿ ಮೂರು ವರ್ಷ ದುಡಿದವರು. ಆ ಊರುಗಳನ್ನು ನಾವು ಪ್ರೀತಿಯಿಂದ ಆರಿಸಲಿಲ್ಲ. ಲೆಕ್ಕ ಹಾಕಿ ಆರಿಸಿದೆವು. ಆದರೆ ಅಲ್ಲಿನ ರೋಗಿಗಳು ನಮ್ಮನ್ನು ತಮ್ಮವರಾಗಿಸಿಕೊಂಡರು. ಎಷ್ಟೋ ಮಂದಿ ಅಲ್ಲಿಯೇ ನೆಲೆಸಿದೆವು. ಹರ್ನರೂ ಹಾಗೆಯೇ: 100 ಯೆನ್ನಿಗೆ ಹೋದ ಮಾತ್ಸುಯೆಯಲ್ಲಿ ಅವರು ವಾಸವಾಗಿದ್ದ ಮನೆಯನ್ನು ಆ ಊರಿನವರು ಇಂದಿಗೂ ಕಾಪಾಡಿಕೊಂಡು ಬಂದಿದ್ದಾರೆ. ಲೆಕ್ಕ ಹಾಕಿ ಹೋಗುವುದರಲ್ಲಿ ಕೀಳೇನೂ ಇಲ್ಲ. ಹೋದ ಮೇಲೆ ಲೆಕ್ಕವೊಂದನ್ನೇ ನೋಡುತ್ತ ಕುಳಿತರೆ ಮಾತ್ರ ನಷ್ಟ.

ಕೊನೆಯದಾಗಿ ಕೂಟದವರಲ್ಲಿ ಒಂದು ಅರಿಕೆ. ನಮಗಿಂತ ಹಿಂದಿನ ತಲೆಮಾರಿನ ಹಿರಿಯರು ಕೈಯಲ್ಲಿ 8 ಡಾಲರ್ ಹಿಡಿದು ಈ ದೇಶಕ್ಕೆ ಬಂದ ಕಥೆಯನ್ನು ನಾವೆಲ್ಲ ಕೇಳಿದ್ದೇವೆ. ಅವರಲ್ಲಿ ಕೆಲವರಾದರೂ ಇಲ್ಲಿಗೆ ಬರುವ ಮುನ್ನ ಆಫ್ರಿಕದಲ್ಲೋ ಕೊಲ್ಲಿಯಲ್ಲೋ ಮೇಷ್ಟರಾಗಿದ್ದಿರಬಹುದು. ಅವರ ನೇಮಕದ ಪತ್ರ, ಸಂಬಳದ ಚೀಟಿ, ಊರಿಗೆ ಹಣ ಕಳುಹಿಸಿದ ರಸೀದಿ, ಶಾಲೆಯ ಮಕ್ಕಳೊಡನೆ ತೆಗೆಸಿಕೊಂಡ ಒಂದು ಫೋಟೋ ಪೆಟ್ಟಿಗೆಯ ತಳದಲ್ಲಿ ಇದ್ದೀತು. ದಯವಿಟ್ಟು ಅವನ್ನು ಹೊರತೆಗೆಯಿರಿ. ಹಿರಿಯರು ಇರುವಾಗಲೇ ಅವರ ಪಕ್ಕದಲ್ಲಿ ಕುಳಿತು ವಿವರಗಳನ್ನು ಬರೆದುಕೊಳ್ಳಿ. ಮುಂದೆ ಹೊರಡುವ ಮಕ್ಕಳಿಗೆ ಯಾವ ಕೈಪಿಡಿಗಿಂತಲೂ ಆ ರಸೀದಿಗಳು ಹೆಚ್ಚಿನ ಬುದ್ಧಿ ಹೇಳಿಯಾವು.